ಪುಸ್ತಕ ನೋಡಿ ನೇಯ್ದ ಗೂಡು

ಜಾಲಿ ಮರದಲ್ಲಿ ಮೊದಲ ಸಲ ಗೂಡು ನೇಯಲು ಹೊರಟ ಒಬ್ಬ ಗೀಜಗನಿಗೆ, ತಾನು ಓದಿಕೊಂಡ ಹಕ್ಕಿ ಎಂಬ ಜಂಬ. ಎದುರಿನ ವಾಚನಾಲಯದ ಕಿಟಕಿಕಟ್ಟೆಯ ಮೇಲೆ ಹಕ್ಕಿಗಳ ಚಿತ್ರಪುಸ್ತಕವೊಂದು ತೆರೆದು ಬಿದ್ದಿತ್ತು. ಅವನು ಹೊರಗಿನಿಂದ ಸರಳು ಹಿಡಿದು ಕೂತು, ಅದರಲ್ಲಿದ್ದ ಗೀಜಗನ ಗೂಡನ್ನು ಎಳೆ ಎಳೆಯಾಗಿ ನೋಡಿಕೊಂಡು ಹಾಗೆಯೇ ನೇಯ್ದ.

ಹೆಣ್ಣು ಗೀಜಗ ಗೂಡು ಪರೀಕ್ಷಿಸಲು ಬಂದಳು. ಬಾಗಿಲು ಆಕಾಶ ನೋಡುತ್ತಿತ್ತು.

“ಮಳೆ ಬಂದರೆ?” ಎಂದಳು.

“ಪುಸ್ತಕದಲ್ಲಿ ಹೀಗೇ ಇದೆ. ಬೇಕಾದರೆ ಹೋಗಿ ನೋಡಿ.”

“ಹಾಗಾದರೆ ಮೊಟ್ಟೆಯನ್ನೂ ಪುಸ್ತಕವೇ ಇಡಲಿ,” ಎಂದು ಅವಳು ಹಾರಿಹೋದಳು.

ಗೀಜಗ ಸಿಟ್ಟಿನಿಂದ ಕಿಟಕಿಗೆ ಬಂದ. “ನಿನ್ನನ್ನು ನಂಬಿ ನನ್ನ ಮರ್ಯಾದೆ ಹೋಯಿತು!”

“ಅಯ್ಯಾ, ನನ್ನನ್ನು ಓದುವವರು ಒಳಗೆ ಕೂರುತ್ತಾರೆ. ಹೊರಗೆ ಕೂತ ನಿನಗೆ ನಾನು ತಲೆಕೆಳಗಾಗಿ ಕಂಡಿದ್ದೇನೆ,” ಎಂದಿತು ಪುಸ್ತಕ. “ಅದಿರಲಿ, ಈ ಚಿತ್ರ ಬರೆದವಳು ಇದೇ ಕಿಟಕಿಯಲ್ಲಿ ಕೂತು ಯಾರ ಗೂಡು ನೋಡಿ ಬರೆದಳು ಗೊತ್ತೇ? ನಿನ್ನ ಚಿಕ್ಕಪ್ಪನದು!”

ಗೀಜಗ ಕತ್ತು ತಿರುಗಿಸಿದ. ಬೆನ್ನ ಹಿಂದೆಯೇ ಚಿಕ್ಕಪ್ಪನ ಈ ವರ್ಷದ ಗೂಡು, ಬಾಗಿಲು ಕೆಳಗೆ ಮಾಡಿಕೊಂಡು ಹಾಯಾಗಿ ತೂಗುತ್ತಿತ್ತು.

ಅವನು ತನ್ನ ಗೂಡನ್ನು ಬಿಚ್ಚಿಹಾಕಿದ. ಚಿಕ್ಕಪ್ಪನ ಕೊಕ್ಕಿನ ಮೇಲೆ ಕಣ್ಣಿಟ್ಟು ಮತ್ತೆ ನೇಯ್ದ. ಹೆಣ್ಣು ಮರಳಿ ಬಂದಳು; ಗೂಡನ್ನು ಜಗ್ಗಿ ನೋಡಿದಳು, ಒಳಗೆ ತಲೆ ಹಾಕಿ ನೋಡಿದಳು.

“ಇದು ಯಾವ ಪುಟದಲ್ಲಿದೆ?”

“ಪಕ್ಕದ ಕೊಂಬೆಯಲ್ಲಿದೆ,” ಎಂದ ಗೀಜಗ.

ಅವಳು ನಕ್ಕು ಒಳಗೆ ಹೋದಳು. ಮತ್ತೆ ಹೊರಗೆ ಬಂದದ್ದು ಹಾಸಿಗೆಗೆ ಹತ್ತಿ ತರುವುದಕ್ಕೇ.