ಬೇರು ಬಿಡಿಸಿದ ಹೆಂಗಸು

“ಗುರುಗಳೇ, ಮನೆ ಬಿಟ್ಟು ಬಂದವನನ್ನು ಮನೆ ಯಾಕೆ ಬಿಡುವುದಿಲ್ಲ?” ಎಂದು ಗುರುಶಾಂತ ಕೇಳಿದ.

ಅವನ ಮಗಳು ಜ್ವರ ಬಂದು ತೀರಿಕೊಂಡಿದ್ದಳು. ಮಣ್ಣು ಮಾಡಿದ ಮರುದಿನವೇ ಅವನು ಹೆಂಡತಿಯನ್ನು ಊರಲ್ಲೇ ಬಿಟ್ಟು ಮಠಕ್ಕೆ ಬಂದಿದ್ದ. ಆಮೇಲೆ ಊರ ಕಡೆ ತಲೆ ಹಾಕಿರಲಿಲ್ಲ, ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ಸಾಕು, ಅದೇ ಅಂಗಳ, ಅದೇ ಪಡಸಾಲೆ, ಒಳಗೆಲ್ಲೋ ಮಗುವಿನ ಗೆಜ್ಜೆ.

ಗುರುಗಳು ಈ ಕತೆ ಹೇಳಿದರು.

ಒಂದು ಊರಲ್ಲಿ ಮದ್ದು ಕೊಡುವ ಹೆಂಗಸೊಬ್ಬಳಿದ್ದಳು. ಅವಳ ಗಂಡ ಬಾವಿ ತೋಡುವವನು. ಒಂದು ಸಲ ಬಾವಿಯೊಳಗೆ ಅವನ ಸೊಂಟದ ಮೇಲೆ ಬಂಡೆ ಉರುಳಿತು. ಜೀವ ಉಳಿಯಿತು, ನಿದ್ದೆ ಹೋಯಿತು. ಮಲಗಿದರೂ ನೋವು, ಹೊರಳಿದರೂ ನೋವು. ತನಗೆ ಗೊತ್ತಿದ್ದ ಸೊಪ್ಪು ಬೇರುಗಳನ್ನೆಲ್ಲ ಅವಳು ಅರೆದು ಕೊಟ್ಟಳು. ಯಾವುದೂ ನಾಟಲಿಲ್ಲ. ಕೊನೆಗೆ ದಾರಿಯಲ್ಲಿ ಹೋಗುತ್ತಿದ್ದ ಬೈರಾಗಿಯೊಬ್ಬ ಅವಳ ಸೆರಗಿಗೆ ಒಂದು ಚಿಟಿಕೆ ಭಂಗಿ ಸೊಪ್ಪಿನ ಬೀಜ ಹಾಕಿದ. “ಇದರ ಎಲೆ ನೋವನ್ನು ಮಲಗಿಸುತ್ತದೆ ತಾಯಿ,” ಎಂದು ಹೇಳಿ ಹೋದ.

ಬೀಜಗಳಲ್ಲಿ ಒಂದೇ ಒಂದು ಮೊಳೆಯಿತು. ಅವಳು ಅದನ್ನು ಕುಡಿಕೆಯಲ್ಲಿಟ್ಟು ಕೂಸಿನಂತೆ ಸಾಕಿದಳು. ಸಸಿ ಗೇಣುದ್ದ ಬೆಳೆದು ನಿಂತುಬಿಟ್ಟಿತು. ಕೆಳಗಿನ ಎಲೆಗಳು ಹಳದಿಯಾದವು. ಕುಡಿಕೆ ಇಕ್ಕಟ್ಟಾಯಿತೆಂದು ತಿಳಿದು ಅವಳು ಹಿತ್ತಲಲ್ಲಿ ಗುಂಡಿ ತೋಡಿದಳು. ಹಳೆಯ ಗೊಬ್ಬರ, ಹೊಳೆಯ ಮರಳು ಬೆರೆಸಿ ಮಣ್ಣನ್ನು ಹಿಟ್ಟಿನಂತೆ ಹದ ಮಾಡಿದಳು. ಕುಡಿಕೆಯನ್ನು ಮೆಲ್ಲಗೆ ಒಡೆದು, ಒಂದು ಬೇರೂ ಅಲುಗದಂತೆ ಮಣ್ಣಿನ ಮುದ್ದೆಸಮೇತ ಸಸಿಯನ್ನು ಎತ್ತಿ ಗುಂಡಿಯಲ್ಲಿ ಕೂರಿಸಿದಳು. ಬೆಳಿಗ್ಗೆ ಸಂಜೆ ಬುಡಕ್ಕೆ ಬೊಗಸೆಯಲ್ಲಿ ನೀರು ಹಾಕಿದಳು.

ಸಸಿ ಸಾಯಲಿಲ್ಲ. ಬೆಳೆಯಲೂ ಇಲ್ಲ.

ಗಂಡ ಒಳಗಿನಿಂದಲೇ ಕೇಳಿದ, “ಬುಡದ ಬೇರು ಬಿಡಿಸಿ ನೋಡಿದೆಯೇನೇ?”

“ಮುಟ್ಟಿದರೆ ಸತ್ತೇಹೋದೀತು. ಇರುವುದು ಅದೊಂದೇ,” ಎಂದಳು ಅವಳು. ಅವನು ಗೋಡೆ ಕಡೆ ಮುಖ ಮಾಡಿ ಹಲ್ಲು ಕಡಿದ. ಆ ಸದ್ದು ಹಿತ್ತಲಿನವರೆಗೂ ಕೇಳಿಸಿತು.

ಒಂದು ಮಧ್ಯಾಹ್ನ ಅವಳಿಗೆ ಸಸಿಯ ಪಕ್ಕದಲ್ಲೇ ಜೊಂಪು ಹತ್ತಿತು. ಕನಸಿನಲ್ಲಿ ನೆಲ ಬಾವಿಯಂತೆ ಬಾಯಿ ಬಿಟ್ಟಿತು. ಅವಳು ಹೆದರದೆ ಇಳಿದಳು. ಕೆಳಗೆ ಬೆಚ್ಚಗಿತ್ತು. ಬೆಳಕಿರಲಿಲ್ಲ, ಆದರೆ ಎಲ್ಲವೂ ಕಾಣುತ್ತಿತ್ತು. ಬಿಳಿ ಸೀರೆಯ ಸಣಕಲು ಹೆಂಗಸರು ಒಬ್ಬರ ಹಿಂದೆ ಒಬ್ಬರು ಸುತ್ತುತ್ತಿದ್ದರು. ಎಲ್ಲರೂ ಒಂದು ಕೈಯನ್ನು ಪಕ್ಕಕ್ಕೆ ಚಾಚಿ, ಗೋಡೆ ಸವರುತ್ತ ನಡೆಯುವವರಂತೆ ನಡೆಯುತ್ತಿದ್ದರು. ಅವಳೂ ಅವರ ಜೊತೆ ನಡೆದಳು. ಎಷ್ಟು ನಡೆದರೂ ದಣಿವಿಲ್ಲ, ಎಲ್ಲಿಗೂ ತಲುಪುವುದಿಲ್ಲ. ಹಾಯೆನಿಸಿತು. ಹೀಗೇ ಇದ್ದುಬಿಡಬಹುದು ಅನ್ನಿಸಿತು. ಆಗ ಅವಳು ತಾನೂ ಕೈ ಚಾಚಿದಳು. ಅಲ್ಲಿ ಗೋಡೆಯೇ ಇರಲಿಲ್ಲ. ತಾನು ಹದ ಮಾಡಿದ ಮಣ್ಣು ಮೆತ್ತಗೆ ಅವಳ ಬೆರಳಿನ ಸಂದಿಯಿಂದ ಜಾರಿತು.

ಎಚ್ಚರವಾಯಿತು. ಅವಳು ಎದ್ದು ಮಣ್ಣು ಸರಿಸಿ ಸಸಿಯನ್ನು ಮೇಲೆತ್ತಿದಳು. ಬೇರುಗಳು ಒಂದನ್ನೊಂದು ಸುತ್ತಿಕೊಂಡು ಇನ್ನೂ ಕುಡಿಕೆಯ ಆಕಾರದಲ್ಲೇ ಇದ್ದವು. ಸುತ್ತಲಿನ ಮಣ್ಣಿಗೆ ಒಂದು ಎಳೆಯೂ ಹೊರಟಿರಲಿಲ್ಲ.

ಅವಳು ಬೆರಳು ಹಾಕಿ ಬಿಡಿಸತೊಡಗಿದಳು. ಸಣ್ಣ ಬೇರುಗಳು ಚಟ್ ಚಟ್ಟೆಂದು ಹರಿದವು. ಒಂದೊಂದು ಸಲವೂ ಅವಳ ಕೈ ನಿಲ್ಲುತ್ತಿತ್ತು. ಒಳಗೆ ಗಂಡ ನರಳುತ್ತಿದ್ದ. ಮತ್ತೆ ಬಿಡಿಸುತ್ತಿದ್ದಳು. ಉಳಿದ ಬೇರುಗಳನ್ನು ನಾಲ್ಕೂ ಕಡೆಗೆ ಹರಡಿ ಮಣ್ಣು ಮುಚ್ಚಿದಳು. ತೆಂಗಿನ ಗರಿಯ ನೆರಳು ಕಟ್ಟಿದಳು. ಆ ದಿನ ಬುಡ ತೋಯುವಷ್ಟು ನೀರು ಹಾಕಿದ್ದೇ ಕೊನೆ. ಅಲ್ಲಿಂದಾಚೆ ನೀರನ್ನು ಬುಡದಿಂದ ದೂರಕ್ಕೆ, ಸುತ್ತಲೂ ಹಾಕುತ್ತಿದ್ದಳು. ಅದೂ ಮೇಲಿನ ಮಣ್ಣು ಒಣಗಿದ ಮೇಲೆ. ನೀರು ಬೇಕಾದ ಬೇರು ತಾನೇ ಹುಡುಕಿಕೊಂಡು ಹೋಗಬೇಕಿತ್ತು.

ಬೇರು ಬಿಡಿಸಿದ ದಿನ ಸಂಜೆಯೊಳಗೇ ಸಸಿ ನೆಲಕ್ಕೊರಗಿತು. ಅವಳು ಒಳಗೆ ಹೋಗಿ ಗಂಡನ ಕಾಲ ಬಳಿ ಕೂತು, “ನಾನೇ ಕೊಂದೆ ಕಣ್ರೀ,” ಎಂದಳು. ಅವನಿಗೆ ಸಿಟ್ಟು ಬರಲಿಲ್ಲ. ಬಹಳ ದಿನಗಳ ಮೇಲೆ ಇಬ್ಬರೂ ಕೂಡಿ ಅತ್ತರು.

ಸಸಿ ಒಂದಷ್ಟು ದಿನ ಹಾಗೇ ಬಿದ್ದಿತ್ತು. ಆಮೇಲೆ ತುದಿಯ ಎಲೆಯೊಂದು ತಲೆ ಎತ್ತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಗಿಡ ಅವಳ ತಲೆಯನ್ನೂ ಮೀರಿ ಬೆಳೆದಿತ್ತು. ಗಾಳಿ ಬಂದರೆ ಬಾಗುತ್ತಿತ್ತು, ಬುಡ ಅಲುಗುತ್ತಿರಲಿಲ್ಲ. ಅವಳು ಎಲೆ ಒಣಗಿಸಿ ಅರೆದು ಒಂದು ಮಧ್ಯಾಹ್ನ ಹಾಲಿನಲ್ಲಿ ಕುದಿಸಿ ಕೊಟ್ಟಳು. ಗಂಡ ಮತ್ತೆ ಬಾವಿಗೆ ಇಳಿಯಲಿಲ್ಲ. ಆದರೆ ಆ ಮಧ್ಯಾಹ್ನ ನಿದ್ದೆ ಹೋದ. ಅವನ ಉಸಿರನ್ನು ಕೇಳುತ್ತ ಅವಳು ಬಾಗಿಲಲ್ಲೇ ಕೂತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಗುರುಶಾಂತ ತಲೆ ತಗ್ಗಿಸಿ ನೆಲ ಕೆರೆಯುತ್ತಿದ್ದ.

“ಬೇರು ಹರಿಯದ ಹಾಗೆ ಬಿಡಿಸಲು ಆಗುತ್ತಿರಲಿಲ್ಲವೇ, ಗುರುಗಳೇ?” ಎಂದು ಕೇಳಿದ.

ಗುರುಗಳು ಅವನನ್ನೇ ನೋಡಿ, “ಆಗುತ್ತಿರಲಿಲ್ಲ. ಮಗು ಹೋದ ಮೇಲೆ ಅದರ ತಾಯಿ ಹೇಗಿದ್ದಾಳೆಂದು ನೀನು ಇವತ್ತಿಗೂ ಯಾರನ್ನೂ ಕೇಳಿಲ್ಲ,” ಎಂದರು.