ಮೊಳಕೆಗುಂಡಿನ ಅಂಗಿ

ಗವಿದುರ್ಗದ ಊರಬಾಗಿಲು ದಾಟಿದ ಕೂಡಲೇ ಎಡಕ್ಕೆ ಆನೆಗಾತ್ರದ ಬಂಡೆಯೊಂದು ಕಾಣುತ್ತದೆ. ಮೊಳಕೆಗುಂಡು ಎಂದು ಅದರ ಹೆಸರು. ಅದರ ಮೇಲೆ ತೋಳು ಚಾಚಿದ ಅಂಗಿಯೊಂದನ್ನು ಕೆತ್ತಿದ್ದಾರೆ; ತಲೆಯಿಲ್ಲ, ಕಾಲಿಲ್ಲ, ಬರೀ ಅಂಗಿ. ಪಕ್ಕದಲ್ಲಿ ಈಚೆಗೆ ನೆಟ್ಟ ಬೋರ್ಡೊಂದು, ನಾಯಕನು ಇಲ್ಲಿ ನಿಂತು ರೈತರಿಗೆ ಬಿತ್ತನೆ ಬೀಜ ಹಂಚುತ್ತಿದ್ದನೆಂದೂ ಇದು ಅವನ ರಾಜಪೋಷಾಕೆಂದೂ ಹೇಳುತ್ತದೆ. ಶುದ್ಧ ಸುಳ್ಳು. ಬರೆದವರು ಊರಿನ ಒಬ್ಬ ಮುದುಕಿಯನ್ನಾದರೂ ಕೇಳಬಾರದಿತ್ತೇ?

ಹಿಂದೆ ಒಮ್ಮೆ ಈ ದುರ್ಗವನ್ನು ಆಳುತ್ತಿದ್ದ ನಾಯಕನಿಗೆ ಉಕ್ಕಿನ ಕವಚವಿತ್ತು, ಅವನ ದಳವಾಯಿ ಮುದ್ದಯ್ಯನಿಗೂ ಇತ್ತು. ಕಾಲಾಳುಗಳಿಗೆ ಮಾತ್ರ ಅರಳೆಯನ್ನು ಒತ್ತಾಗಿ ತುಂಬಿ ಹೊಲಿದ ದಪ್ಪ ಅಂಗಿ. ಒಳ್ಳೆಯ ಅರಳೆಯಿದ್ದರೆ ಬಾಣ ಅದರಲ್ಲೇ ಸಿಕ್ಕಿಕೊಳ್ಳುತ್ತಿತ್ತಂತೆ. ಯುದ್ಧದಂಗಿಯ ಹೊಲಿಗೆ ಬಿಚ್ಚಿದರೆ ತೊಟ್ಟವನ ಆಯುಸ್ಸು ಸೋರಿಹೋಗುತ್ತದೆಂಬ ನಂಬಿಕೆಯಿದ್ದುದರಿಂದ ದಳವಾಯಿಯ ಕೈಕೆಳಗಿನ ಉಗ್ರಾಣದಿಂದ ಕೊಟ್ಟ ಅಂಗಿಯ ಒಳಗನ್ನು ಯಾರೂ ನೋಡುತ್ತಿರಲಿಲ್ಲ. ಆ ನಂಬಿಕೆ ದಳವಾಯಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ಯುದ್ಧದಲ್ಲಿ ಮುಂದಿನ ಸಾಲಿನವರೆಲ್ಲ ಸತ್ತರು. ತಿರುಗಿ ಬಂದ ಮುದ್ದಯ್ಯ, "ಹೇಡಿಗಳು, ಬೆನ್ನು ತೋರಿಸಿ ಓಡುವಾಗ ಸತ್ತರು" ಎಂದು ನಾಯಕನಿಗೆ ಹೇಳಿದ. ಹೆಣಗಳು ಬರಲಿಲ್ಲ; ಗೆದ್ದವರು ಅಣಕಕ್ಕೆಂದು ಬರೀ ಅಂಗಿಗಳನ್ನು ಬಂಡಿಯಲ್ಲಿ ಹೇರಿ ಕಳಿಸಿದರು. ಓಡಿಹೋದವರಿಗೆ ವೀರಗಲ್ಲು ಇಲ್ಲ, ಎಡೆಯಿಲ್ಲ. ಅವರ ಅಂಗಿಯನ್ನು ಊರಬಾಗಿಲ ಬಂಡೆಗೆ ಬೆನ್ನು ಹೊರಗಾಗಿ ನೇತುಹಾಕಬೇಕು, ಹೋಗಿಬರುವವರು ಉಗುಳಬೇಕು. ಅದು ಅಂದಿನ ಕಟ್ಟಳೆ. ಕಾಟವ್ವ ಎಂಬಾಕೆ ತನ್ನ ಹಳೆಯ ಸೀರೆಯ ತೇಪೆ ನೋಡಿ ಗಂಡ ಗಾದ್ರಯ್ಯನ ಅಂಗಿಯನ್ನು ಗುರುತಿಸಿದಳು. ನೀರಿಗೆ ಹೋದಲ್ಲೆಲ್ಲ ಅವಳನ್ನು ಹೇಡಿಯ ಹೆಂಡತಿ ಎಂದರು. ಅವನಿಗೊಂದು ವೀರಗಲ್ಲು ನಿಲ್ಲಿಸದೆ ತಾನು ಸಾಯುವುದಿಲ್ಲವೆಂದು ಅವಳು ಹಟ ಹಿಡಿದಳು.

ಅಷ್ಟರಲ್ಲಿ ಸೋನೆ ಹಿಡಿಯಿತು. ಮಳೆ ಬಿಟ್ಟಾಗ ನೋಡಿದರೆ ಅಂಗಿಗಳ ಅಂಚಿನಲ್ಲೆಲ್ಲ ಹಸಿರು ಇಣುಕುತ್ತಿತ್ತು. ಕಾಟವ್ವ ಓಡಿಹೋಗಿ ಗಂಡನ ಅಂಗಿಯನ್ನು ಹೊರಳಿಸಿದಳು. ಎದೆಯಲ್ಲಿ ತೂತು, ತೂತಿನ ತುಂಬ ನವಣೆಯ ಮೊಳಕೆ. ಅರಳೆಯ ದುಡ್ಡು ನುಂಗಿ, ಸರಿಯಾಗಿ ತೂರದೆ ಕಾಳು ಉಳಿದಿದ್ದ ನವಣೆ ಹೊಟ್ಟು ತುಂಬಿಸಿದ್ದ, ಆ ಮನೆಹಾಳ ದಳವಾಯಿ! ಕಾಟವ್ವ ಅಂಗಿಯನ್ನು ಹೊತ್ತು ನಾಯಕನ ಓಲಗಕ್ಕೆ ನುಗ್ಗಿದಳು.

"ನೋಡು ದೊರೆ, ಬೆನ್ನಾಗೆ ಒಂದು ಗೀರಾನಾ ಐತಾ? ಓಡೋನಿಗೆ ಎದಿಯಾಗೆಂಗೆ ತೂತು ಬೀಳ್ತೈತೆ? ದನ ತಿನ್ನೋ ಹೊಟ್ಟು ತುಂಬಿ ಕಳಿಸಿದ್ದಾನಲ್ಲ ನಿನ್ನ ದಳವಾಯಿ, ಅವನ ಮೈಮ್ಯಾಲಿನ ಉಕ್ಕು ಬಿಚ್ಚಿಸಿ ಈ ಅಂಗಿ ಹಾಕ್ಸು. ನಾನೇ ಬಾಣ ಬಿಡ್ತೀನಿ."

ಅದನ್ನು ಕೇಳಿ ಅಂಗಳದಲ್ಲಿದ್ದ ಕಾಲಾಳುಗಳು ಆಯುಸ್ಸಿನ ಭಯ ಬಿಟ್ಟು ತಮ್ಮ ಅಂಗಿಗಳ ಹೊಲಿಗೆ ಹರಿದರು. ಅರಮನೆಯ ಮುಂದೆ ಹೊಟ್ಟಿನ ರಾಶಿ ಬಿತ್ತು. ಮುದ್ದಯ್ಯ ಹಿತ್ತಿಲ ಬಾಗಿಲಿಂದ ಓಡಿದನಂತೆ. ಬೆನ್ನು ತೋರಿಸಿದವನು ಅವನೊಬ್ಬನೇ ಎನ್ನುತ್ತಾರೆ. ಕೊನೆಗೆ ನಾಯಕ ಅದೇ ಬಂಡೆಯ ಮೇಲೆ, ಎದೆ ಹೊರಗಾಗಿ, ತೂತಿನ ಸಮೇತ ಅಂಗಿಯನ್ನು ಕೆತ್ತಿಸಿದ. ಸತ್ತವರೆಲ್ಲರಿಗೂ ಅದೇ ವೀರಗಲ್ಲಾಯಿತು.

ಹೋದ ವರ್ಷ ಬಂಡೆಯನ್ನು ಅಂದಗಾಣಿಸಲು ಬಂದವರು ಕಲ್ಲು ಹಾಳಾಗಿದೆಯೆಂದು ಆ ತೂತಿಗೆ ಸಿಮೆಂಟು ಮೆತ್ತಿ ಹೋದರು. ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಆ ತೂತು ಮುಚ್ಚಿದರೆ ಗಾದ್ರಯ್ಯ ಮತ್ತೆ ಹೇಡಿಯಾಗುತ್ತಾನೆ, ಅಷ್ಟೂ ತಿಳಿಯಬಾರದೇ? ಊರಿನ ಹೆಂಗಸರು ಕುಡುಗೋಲಿನ ಮೊನೆಯಿಂದ ಸಿಮೆಂಟನ್ನು ಕೆರೆದು ತೆಗೆದಿದ್ದಾರೆ. ಅಲ್ಲಿಗೆ ಹೋದವರು ಬೋರ್ಡು ಓದಬೇಡಿ. ಆ ಎದೆಯ ತೂತಿಗೆ ಬೆರಳು ಹಾಕಿ ನೋಡಿ.