ಪಿಳ್ಳಕ್ಕನ ಒಲೆ

ನಮ್ಮೂರಿನ ಅರಸರ ತೋಟದಲ್ಲಿ ಪ್ರತಿ ವರ್ಷ ಮಾಗಿಯ ಚಳಿಯಲ್ಲಿ ಹೂಸಂತೆ ನಡೆಯುತ್ತದೆ. ಸೇವಂತಿಗೆಯ ಕಮಾನು, ಬಣ್ಣದ ದೀಪಗಳ ಸರ, ಅವರೆಬೇಳೆ ದೋಸೆಯ ಅಂಗಡಿ, ಉಣ್ಣೆ ಟೋಪಿ ಮಾರುವವರ ಕೂಗು. ಇಷ್ಟೆಲ್ಲದರ ನಡುವೆ, ಸಂಗೀತ ಮಂಟಪದ ಎದುರಿಗೇ, ಒಂದು ಬೋಳು ಜಾಗವಿದೆ. ಅಲ್ಲಿ ಮಸಿ ಹಿಡಿದ ಮೂರು ಗುಂಡುಕಲ್ಲುಗಳು. ಅದೇ ಪಿಳ್ಳಕ್ಕನ ಒಲೆ. ಪಕ್ಕದ ಬೋರ್ಡಿನಲ್ಲಿ, ಹಿಂದೆ ಇಲ್ಲಿ ಸೈನಿಕರು ಅಡುಗೆ ಮಾಡಿಕೊಳ್ಳುತ್ತಿದ್ದರೆಂದು ಬರೆದಿದೆ. ಸೈನಿಕರಂತೆ! ಪಿಳ್ಳಕ್ಕ ಎಂಬ ಹೆಸರಿನ ಸೈನಿಕನನ್ನು ಯಾರು ಕಂಡಿದ್ದರೋ, ಆ ಬೋರ್ಡು ಬರೆಸಿದ ಪುಣ್ಯಾತ್ಮರೇ ಹೇಳಬೇಕು. ನಾವು ಆ ತೋಟವನ್ನು ಬೆಳೆಸಿದ ಮನೆತನದವರು. ನಮ್ಮ ಹಿರಿಯರು ಹೇಳುವ ಕಥೆಯೇ ಬೇರೆ.

ಹಿಂದೆ ಒಮ್ಮೆ, ತೋಟಕ್ಕೆ ಇನ್ನೂ ಗೋಡೆ ಇಲ್ಲದ ಕಾಲದಲ್ಲಿ, ಈಗ ಗುಲಾಬಿ ಪಾತಿಗಳಿರುವ ಕಡೆ ತೋಟಗಾರರ ಹನ್ನೆರಡು ಗುಡಿಸಲುಗಳಿದ್ದವು ಎನ್ನುತ್ತಾರೆ. ಅವರಿಗೆಲ್ಲ ಹಿರಿಯಳು ಪಿಳ್ಳಕ್ಕ. ಗಂಡನಿಲ್ಲ, ಮಕ್ಕಳಿಲ್ಲ, ತಾಯಿ ಸತ್ತ ಮೇಲೆ ತಮ್ಮ ಚಿನ್ನಯ್ಯನನ್ನು ಅವಳೇ ಉಣಿಸಿ, ತಿನಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಅರಮನೆಯವರು ಗೋಡೆ ಕಟ್ಟಿ ಗುಡಿಸಲುಗಳನ್ನು ಕೀಳಿಸಲು ಹೊರಟಾಗ, ದಿನವೂ ಅರಮನೆಗೆ ಹೂ ಕೊಂಡೊಯ್ಯುತ್ತಿದ್ದ ಚಿನ್ನಯ್ಯನೇ ಮಾತಾಡಿ ಬಂದ. "ಅಕ್ಕಾ, ಮಾಗಿಯಲ್ಲಿ ದೊರೆಗಳು ಪರವೂರಿನ ಅರಸರನ್ನು ಕರೆಸುತ್ತಾರಂತೆ. ಆ ದಿನ ತೋಟದ ತುಂಬ ಹೂವಿದ್ದರೆ ನಮ್ಮ ಮನೆಗಳನ್ನು ಮುಟ್ಟೋದಿಲ್ಲವಂತೆ. ಕುಡುಗೋಲು ಮುಟ್ಟಿ ಹೇಳ್ತೀನಿ" ಎಂದ. ಕುಡುಗೋಲು ಮುಟ್ಟಿ ಆಣೆ ಇಟ್ಟವನನ್ನು ಮತ್ತೆ ಪ್ರಶ್ನೆ ಮಾಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಪಿಳ್ಳಕ್ಕ ಮಾಡಲಿಲ್ಲ. ಮಾಡಬೇಕಿತ್ತು.

ಗಿಡಗಳ ಕುಡಿ ಚಿವುಟಿ ಚಿವುಟಿ, ಹನ್ನೆರಡು ಮನೆಯವರೂ ಸೇವಂತಿಗೆ ಹೇಳಿದ ದಿನಕ್ಕೇ ಅರಳುವ ಹಾಗೆ ಮಾಡಿದರು. ಅರಸರು ಬರುವ ಹಿಂದಿನ ದಿನ ಚಿನ್ನಯ್ಯ ಮನೆಮನೆಗೂ ಬಂದು, "ನಾಳೆ ಒಬ್ಬರೂ ಮನೇಲಿ ಉಳೀಬಾರದು. ಎಲ್ಲರೂ ತಂತಮ್ಮ ಪಾತಿಯ ಪಕ್ಕ ನಿಂತಿರಬೇಕು, ದೊರೆಗಳು ಖುದ್ದಾಗಿ ನೋಡ್ತಾರೆ" ಎಂದು ಹೇಳಿಹೋದ. ಮರುದಿನ ಕಾಲು ಬಾರದ ಮುದುಕನೊಬ್ಬನನ್ನು ತಾನೇ ಬೆನ್ನ ಮೇಲೆ ಹೊತ್ತು ತಂದು ಕೂರಿಸಿದ. ಅಯ್ಯೋ, ಎಂಥ ಒಳ್ಳೆಯ ಹುಡುಗ ಎಂದು ಹೆಂಗಸರು ಮೆಚ್ಚಿಕೊಂಡರಂತೆ. ನಗಾರಿ ಮೊಳಗಿತು, ಅರಸರು ಬಂದರು, ಹೂ ನೋಡಿ ತಲೆದೂಗಿದರು. ಮಧ್ಯಾಹ್ನ ಊಟಕ್ಕೆಂದು ಇವರು ಹಿಂದಿರುಗಿದರೆ, ಗುಡಿಸಲುಗಳಿದ್ದಲ್ಲಿ ಬರೀ ನೆಲ. ನಗಾರಿಯ ಸದ್ದಿನಲ್ಲಿ ಗುದ್ದಲಿಯ ಸದ್ದು ಯಾರಿಗೂ ಕೇಳಿಸಿರಲಿಲ್ಲ. ಹಬ್ಬದಡುಗೆಗೆ ಸುಲಿದಿಟ್ಟ ಅವರೆಕಾಳು ಮಣ್ಣಿನಲ್ಲಿ ಚೆಲ್ಲಿತ್ತು. ಚಿನ್ನಯ್ಯ ಅರಮನೆಯ ಹೊಸ ರುಮಾಲು ಸುತ್ತಿಕೊಂಡು ನಿಂತಿದ್ದ; ಅಂದಿನಿಂದ ಅವನು ತೋಟದ ಮೇಸ್ತ್ರಿ. "ಕೆರೆಯಾಚೆ ಜಾಗ ಕೊಡಿಸ್ತೀನಿ ಅಕ್ಕಾ" ಎಂದನೇ ಹೊರತು ತಲೆಯೆತ್ತಲಿಲ್ಲ. ಥೂ! ಈ ಮಾತು ಹೇಳುವಾಗ ನನ್ನ ಅಜ್ಜಿ ಪ್ರತಿ ಸಲವೂ ಉಗಿಯುತ್ತಿದ್ದಳು. ನನಗೂ ಹಾಗೇ ಆಗುತ್ತದೆ.

ಎಲ್ಲರೂ ಎದೆ ಬಡಿದುಕೊಂಡು ಅತ್ತರು, ಪಿಳ್ಳಕ್ಕ ಅಳಲಿಲ್ಲ. ಮಣ್ಣಿನಲ್ಲಿದ್ದ ಅವರೆಕಾಳು ಆಯ್ದಳು, ತೊಳೆದಳು. ತನ್ನ ಒಲೆಯ ಮೂರು ಕಲ್ಲುಗಳನ್ನು ಒಂದೊಂದಾಗಿ ಹೊತ್ತು ತಂದು, ಅರಸರು ಕೂತಿದ್ದ ಮಂಟಪದ ಎದುರಿಗೇ ಹೂಡಿ ಬೆಂಕಿ ಹಚ್ಚಿದಳು. ಕಾವಲಿನವರು ಓಡಿಬಂದರೂ ಉರಿಯುವ ಒಲೆಯನ್ನು ಒದೆಯಲು ಯಾರಿಗೂ ಕಾಲು ಬರಲಿಲ್ಲ ಎನ್ನುತ್ತಾರೆ. ಸಾರು ಕುದಿಯಿತು. ತನ್ನವರಿಗೆಲ್ಲ ಎಲೆ ಹಾಕಿ ಬಡಿಸಿದಳು. ಕಾವಲಿನವರಿಗೂ ಬಡಿಸಿದಳು. ಅಕ್ಕನ ಸಿಟ್ಟು ಇಳಿಯಿತೆಂದು ತಿಳಿದು ಚಿನ್ನಯ್ಯನೂ ಬಂದು ಸಾಲಿನ ಕೊನೆಯಲ್ಲಿ ಕೂತ, ಎದುರಿಗೆ ಎಲೆ ಹಾಸಿಕೊಂಡ. ಪಿಳ್ಳಕ್ಕ ಸೌಟು ಹಿಡಿದು ಅವನ ಮುಂದೆ ನಿಂತಳು. "ಇವರಿಗೆ ಎಲ್ಲಿ ಬೇಕಾದರೂ ಬಡಿಸಬಹುದು. ನೀನು ನನ್ನ ತಮ್ಮ, ನಿನಗೆ ಮನೆಯಲ್ಲೇ ಬಡಿಸಬೇಕು. ನನ್ನ ಮನೆ ಎಲ್ಲಿದೆಯೋ ಚಿನ್ನಯ್ಯಾ? ತೋರಿಸು, ಬಡಿಸ್ತೀನಿ" ಎಂದಳು. ಅವನು ಒಲೆ ಆರುವ ತನಕ ಖಾಲಿ ಎಲೆಯ ಮುಂದೆ ಕೂತೇ ಇದ್ದನಂತೆ. ಪಿಳ್ಳಕ್ಕ ಆ ಕಲ್ಲುಗಳನ್ನು ಅಲ್ಲೇ ಬಿಟ್ಟು, ತನ್ನವರನ್ನು ಕರೆದುಕೊಂಡು ಕೆರೆಯಾಚೆಗೆ ಹೊರಟುಹೋದಳು. ಮೇಸ್ತ್ರಿಯಾಗಿದ್ದಷ್ಟು ಕಾಲವೂ ಚಿನ್ನಯ್ಯ ಅವನ್ನು ತೆಗೆಸಲಿಲ್ಲ. ಆಮೇಲೆ ಬಂದವರಿಗೂ ತೆಗೆಸುವ ಧೈರ್ಯ ಬರಲಿಲ್ಲ.

ಇಂದಿಗೂ ಸಂತೆಯ ಬೆಳಿಗ್ಗೆ ನಮ್ಮವರು ಆ ಒಲೆಯಲ್ಲಿ ಒಂದು ಹಿಡಿ ಅವರೆ ಬೇಯಿಸಿ, ಬಂದವರಿಗೆಲ್ಲ ಬಡಿಸಿ, ಕೊನೆಯದೊಂದು ಎಲೆಯನ್ನು ಖಾಲಿ ಬಿಡುತ್ತಾರೆ. ದೇವರ ಎಲೆಯೆಂದು ನೋಡುವವರು ಕೈ ಮುಗಿಯುತ್ತಾರೆ, ಮುಗಿದುಕೊಳ್ಳಲಿ ಬಿಡಿ. ನೀವು ಸಂತೆಗೆಂದು ಬಂದಿದ್ದೀರಿ, ಹೋಗಿ ನೋಡಿಕೊಂಡು ಬನ್ನಿ, ಸೇವಂತಿಗೆ ಈ ಸಲ ಸೊಗಸಾಗಿ ಬಂದಿದೆ. ನನ್ನ ಸೊಸೆ ಮೊಮ್ಮಕ್ಕಳೆಲ್ಲ ಆಗಲೇ ಹೋದರು. ನನ್ನನ್ನು ಮಾತ್ರ ಕರೆಯಬೇಡಿ. ಕೆರೆಯಾಚೆಯ ಈ ಬೀದಿಯಲ್ಲಿ ಅಂದಿನಿಂದ ಸಂತೆಯ ದಿನ ಮನೆಗೊಬ್ಬರು ಉಳಿಯುತ್ತೇವೆ. ಈ ವರ್ಷ ಬಾಗಿಲಲ್ಲಿ ಕೂರುವ ಸರದಿ ನನ್ನದು.